ನಲ್ಲಿ ಬಾರದ ಬೆಳಗು

ಆಸ್ಪತ್ರೆ ಏರಿನ ರಸ್ತೆ ಒಂದೇ ಮಳೆಗೆ ಕಿತ್ತುಕೊಂಡು ಹೋಗಿದೆ ಎಂದು ಹಾಲಿನವನು ಹೇಳಿದಾಗ ಜರಡಿಯಕ್ಕ ನಂಬಲಿಲ್ಲ. ಹಾಕಿ ಮೂರು ತಿಂಗಳೂ ತುಂಬದ ರಸ್ತೆ ಅದು. ಅದಕ್ಕೆ ಬಿದ್ದ ಜಲ್ಲಿಯನ್ನು ಪರೀಕ್ಷೆ ಮಾಡಿದ್ದು ಅವಳ ಕೈ; ಜಲ್ಲಿಗೆ ಡಾಂಬರು ಕಲಸಿದ್ದು ಅವಳ ತಮ್ಮ. ಹಾಲಿನವನು ಅವಸರದಲ್ಲಿ ಬೇರೆ ಯಾವುದೋ ರಸ್ತೆ ನೋಡಿ ಬಂದಿರಬೇಕು ಎಂದುಕೊಂಡು, ಮಳೆ ಸ್ವಲ್ಪ ಹೊಳವಾದ ಮೇಲೆ ಕೊಡೆ ಹಿಡಿದು ತಾನೇ ನೋಡಲು ಹೊರಟಳು.

ಏರು ಶುರುವಾಗುವ ತಿರುವಿನಲ್ಲಿ ಅವಳ ಕಾಲು ತಾನಾಗಿಯೇ ನಿಂತಿತು.

ಗುಂಡಿ ಬಿದ್ದಿದ್ದರೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಗುಂಡಿ ಬೀಳದ ರಸ್ತೆಯನ್ನು ಯಾರು ಕಂಡಿದ್ದಾರೆ. ಇಲ್ಲಿ ಗುಂಡಿ ಬಿದ್ದಿರಲಿಲ್ಲ, ರಸ್ತೆಯೇ ಬಿಚ್ಚಿಕೊಂಡಿತ್ತು. ಏರಿನ ಉದ್ದಕ್ಕೂ ಜಲ್ಲಿ ಬೆಳ್ಳಗೆ ಚೆಲ್ಲಿ, ಚರಂಡಿಯ ಬಾಯಿ ಕಟ್ಟಿಕೊಂಡಿತ್ತು. ಡಾಂಬರು ಒಂದು ಕಡೆ, ಸೀದ ಪಾತ್ರೆಯ ತಳ ಕೆರೆದು ತೆಗೆದ ಹಾಗೆ, ಚೂರುಚೂರಾಗಿ ಗುಡ್ಡೆಬಿದ್ದಿತ್ತು. ಅವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಇನ್ನೊಂದು ಎತ್ತಿದಳು. ಒಂದರ ಮೈಮೇಲೂ ಸಾಸಿವೆ ಕಾಳಿನಷ್ಟು ಡಾಂಬರಿರಲಿಲ್ಲ. ಆ ಕಲ್ಲಿಗೂ ಡಾಂಬರಿಗೂ ಜನ್ಮದಲ್ಲಿ ಪರಿಚಯವೇ ಇಲ್ಲವೇನೋ ಅನ್ನುವ ಹಾಗಿತ್ತು.

ಆಸ್ಪತ್ರೆಯ ಗೇಟಿನವನು ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದ್ದ. "ನೋಡಿದ್ರಾ ಅಕ್ಕ?" ಎಂದ. "ಬೆಳಿಗ್ಗೆ ಹೆರಿಗೆ ವಾರ್ಡಿನ ನರ್ಸಮ್ಮ ಸ್ಕೂಟರ್ ಸಮೇತ ಜಾರಿದ್ರು. ಬೇರೆಯವರನ್ನ ನೋಡ್ಕೊಳ್ಳೋಕೆ ಬಂದವರು, ಈಗ ಕಾಲಿಗೆ ಕಟ್ಟು ಹಾಕಿಸ್ಕೊಂಡು ಒಳಗೇ ಮಲಗಿದ್ದಾರೆ."

"ಅಯ್ಯೋ ಪಾಪ. ಜಾಸ್ತಿ ಪೆಟ್ಟಾಯ್ತಾ?"

"ಎರಡು ಕಡೆ ಮುರಿದಿದೆಯಂತೆ." ಅವನು ಕಾಲಿನಿಂದ ಒಂದು ಕಲ್ಲನ್ನು ತಳ್ಳಿದ. "ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ತಮ್ಮ ಬೇಯಿಸಿದ ಅಡುಗೆ ಅಂತ ಆಗಲೇ ಎಲ್ಲರ ಬಾಯಲ್ಲೂ ಬಂದ್ಬಿಟ್ಟಿದೆ."

ಜರಡಿಯಕ್ಕ ಕೈಯಲ್ಲಿದ್ದ ಎರಡು ಕಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದಳು. ಕೊಡೆ ಬಿಚ್ಚುವುದನ್ನು ಮರೆತಿದ್ದಳೆಂದು ಅವಳಿಗೆ ತಿಳಿದದ್ದು ಮನೆಗೆ ಬಂದಮೇಲೆ, ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದಾಗ.

ಅವಳು ಕೆಲಸ ಮಾಡುತ್ತಿದ್ದುದು ರಸ್ತೆ ಸಾಮಾನು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ. ದೊಡ್ಡ ಹೆಸರು, ಎರಡೇ ಕೋಣೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಜಲ್ಲಿ ಜರಡಿ ಹಿಡಿಯುತ್ತಿದ್ದುದರಿಂದ ಅವಳಿಗೆ ಜರಡಿಯಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಅಲ್ಲಿನ ಪರೀಕ್ಷೆಗಳಲ್ಲೆಲ್ಲ ಅವಳಿಗೆ ತೀರ ಹತ್ತಿರವಾದದ್ದು ನೀರಿನ ಪರೀಕ್ಷೆ. ಡಾಂಬರು ಕಲಸುವ ಪ್ಲಾಂಟಿನ ರಾಶಿಯಿಂದ ಬಂದ ಜಲ್ಲಿಯಲ್ಲಿ ಇನ್ನೂರು ಗ್ರಾಂ ತೂಗಿ, ಓವನ್‌ನಲ್ಲಿ ಕಾಯಿಸಿ, ಹತ್ತು ಗ್ರಾಂ ಬಿಸಿ ಡಾಂಬರು ಹಾಕಿ, ಒಂದು ಕಲ್ಲೂ ಬೆಳ್ಳಗೆ ಕಾಣದ ಹಾಗೆ ಕಲಸುವುದು. ಆರಿದ ಮೇಲೆ ಗಾಜಿನ ಬೀಕರಿಗೆ ಹಾಕಿ, ಶುದ್ಧ ನೀರು ತುಂಬಿ, ಬಿಸಿನೀರ ತೊಟ್ಟಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡುವುದು. ಆಮೇಲೆ ಬೆಳಕಿಗೆ ಹಿಡಿದು, ನೂರರಲ್ಲಿ ಎಷ್ಟು ಪಾಲು ಡಾಂಬರು ಕಲ್ಲನ್ನು ಬಿಡದೆ ಹಿಡಿದುಕೊಂಡಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು. ತೊಂಬತ್ತೈದಕ್ಕಿಂತ ಕೆಳಗೆ ಬಂದರೆ ಆ ಜಲ್ಲಿ ರಸ್ತೆಗೆ ಬೇಡ. ಮೂವರು ಮುಖ್ಯಸ್ಥರು ಬಂದು ಹೋದರೂ, ಆ ಕಣ್ಣಳತೆಯನ್ನು ಮಾತ್ರ ಯಾರೂ ಅವಳಿಂದ ಕಿತ್ತುಕೊಂಡಿರಲಿಲ್ಲ. "ಅಕ್ಕ ತೊಂಬತ್ತೆಂಟು ಅಂದ್ರೆ ತೊಂಬತ್ತೆಂಟೇ," ಎಂದು ಈಗಿನ ಮೇಡಂ ಕೂಡ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು.

ಆಸ್ಪತ್ರೆ ಏರಿನ ರಸ್ತೆಯ ಜಲ್ಲಿಗೂ ಅವಳು ತೊಂಬತ್ತೆಂಟು ಎಂದೇ ಹೇಳಿದ್ದಳು.

ತಮ್ಮ ಅವಳಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ; ಅವನ ತಲೆ ಬಾಚಿ, ಮೂಗು ಒರೆಸಿ, ಪಾಠ ಹೇಳಿಸಿ, ಕೊನೆಗೆ ಡಾಂಬರು ಪ್ಲಾಂಟಿನಲ್ಲಿ ಕಲಸುವ ಯಂತ್ರದ ಮುಂದೆ ನಿಲ್ಲಿಸಿದವಳು ಅವಳೇ. ಈಗ ಒಂದೇ ಮನೆಯ ಕೆಳಗೆ ಅವಳು, ಮೇಲೆ ಅವನು, ಅವನ ಹೆಂಡತಿ, ಅವರ ಮಗಳು. ವಾರಕ್ಕೊಮ್ಮೆ ಜಲ್ಲಿ ಚೀಲ ತಂದುಕೊಡಲು ಅವನು ಪ್ರಯೋಗಶಾಲೆಗೆ ಬಂದರೆ ಅಕ್ಕನನ್ನು ರೇಗಿಸದೆ ಹೋದವನಲ್ಲ. ಒಂದು ಸಲ ಕಾಯಿಸಲು ಇಟ್ಟಿದ್ದ ಜಲ್ಲಿಯ ತಟ್ಟೆ ನೋಡಿ, "ಅಕ್ಕಾ, ನಿನ್ನ ಕಲ್ಲು ಮದುವಣಗಿತ್ತಿ ಥರ ಮಿಂಚ್ತಾವೆ. ನಮ್ಮಲ್ಲಿರೋವು ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಥರ ಇರ್ತಾವೆ," ಎಂದಿದ್ದ.

"ನಿನ್ನ ಮುಖಾನೂ ಹಾಗೇ ಇದೆ, ಹೋಗಿ ತೊಳ್ಕೊ," ಎಂದಿದ್ದಳು ಅವಳು. ಇಬ್ಬರೂ ನಕ್ಕಿದ್ದರು. ಆ ಮಾತು ಅಲ್ಲಿಗೇ ಮುಗಿದಿತ್ತು.

ನಾಲ್ಕನೆಯ ದಿನ ವಿಚಾರಣೆ ಅಧಿಕಾರಿ ಬಂದರು. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಎದೆಯ ಮೇಲೆ ಇಳಿಬಿಟ್ಟಿದ್ದ, ಮೆಲ್ಲಗೆ ಮಾತಾಡುವ ಮನುಷ್ಯ. ಮೇಡಂ ಕೋಣೆಯಲ್ಲಿ ಕುಳಿತು, ಕಿತ್ತ ರಸ್ತೆಯ ಚೂರುಗಳನ್ನು ಕರಗಿಸಿ ಅಳೆಸಿದರು: ಹಾಕಬೇಕಾದಷ್ಟು ಡಾಂಬರು ಹಾಕಿದ್ದಾರೆ, ಒಂದು ಚಮಚವೂ ಕಡಿಮೆಯಿಲ್ಲ. ಆಮೇಲೆ ಜರಡಿಯಕ್ಕನ ವರದಿ ತೆಗೆದರು. ಓದಿದರು. ಕನ್ನಡಕ ಇಳಿಸಿದರು.

"ಡಾಂಬರು ಸಾಕಷ್ಟಿದೆ. ಕಲ್ಲೂ ಡಾಂಬರೂ ಒಂದಕ್ಕೊಂದು ಹೇಳಿಮಾಡಿಸಿದ ಜೋಡಿ ಅಂತ ಈ ಕಾಗದ ಹೇಳುತ್ತೆ. ಗಂಡೂ ಸರಿ, ಹೆಣ್ಣೂ ಸರಿ ಅಂದಮೇಲೆ ಮದುವೆ ಮಾಡಿಸಿದವನನ್ನೇ ಕೇಳ್ಬೇಕಲ್ವಾ?" ಎಂದು ಬಾಗಿಲ ಬಳಿ ನಿಂತಿದ್ದ ತಮ್ಮನ ಕಡೆ ನೋಡಿದರು. "ಜಲ್ಲಿನ ಪೂರ್ತಿ ಒಣಗಿಸದೆ, ಬೆಂಕಿ ತಗ್ಗಿಸಿ ಓಡಿಸಿದ್ದೀರಿ. ಒದ್ದೆ ಕಲ್ಲಿಗೆ ಡಾಂಬರು ಹಿಡಿಯೋದಿಲ್ಲ. ಆ ವಾರದ ಶಾಖದ ಪಟ್ಟಿ ಎಲ್ಲಿ?"

"ಶಾಖ ಬರೆಯೋ ಮುಳ್ಳಿನ ಶಾಯಿ ಒಣಗಿತ್ತು ಸಾರ್. ಹೊಸದು ಕೇಳಿ ಬರ್ದಿದ್ದೆ, ಬರ್ಲಿಲ್ಲ. ಕೈಯಲ್ಲೇ ಬರೆದಿಟ್ಟಿದ್ದೀನಿ."

"ಕೈಯಲ್ಲಿ ಬರೆಯೋದಾದ್ರೆ ನಾನು ಚಂದ್ರನ ಶಾಖಾನೂ ಬರೀತೀನಿ."

ತಮ್ಮನನ್ನು ಅಂದೇ ಕೆಲಸದಿಂದ ನಿಲ್ಲಿಸಿದರು. ಮೂರು ವಾರದೊಳಗೆ ತೀರ್ಮಾನ. ತಪ್ಪು ಅವನದೇ ಎಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಇನ್ನು ಯಾವ ಪ್ಲಾಂಟಿನವರೂ ಅವನನ್ನು ಒಳಗೆ ಬಿಟ್ಟುಕೊಳ್ಳದ ಹಾಗೆ ಹೆಸರು ಕಪ್ಪು ಪಟ್ಟಿಗೆ ಏರುತ್ತದೆ. ಆ ಯಂತ್ರ ಬಿಟ್ಟು ಬೇರೆ ಏನೂ ತಿಳಿಯದವನು ಅವನು.

ಜರಡಿಯಕ್ಕ ಮೂಲೆಯಲ್ಲಿ ನಿಂತು ಇದನ್ನೆಲ್ಲ ಕೇಳಿದಳು. ತಮ್ಮನ ಕುತ್ತಿಗೆಗೆ ಬಿದ್ದ ಹಗ್ಗ ತನ್ನ ತೊಂಬತ್ತೆಂಟರಿಂದ ಹೊಸೆದದ್ದು ಎಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಂದೇ ಮಧ್ಯಾಹ್ನ ಮೇಡಂ ಹತ್ತಿರ ಹೋದಳು. "ಇನ್ನೊಂದು ಸಲ ನೋಡ್ತೀನಿ ಮೇಡಂ. ಆ ರಸ್ತೆ ಜಲ್ಲಿ ಚೀಲ ಇನ್ನೂ ಇದೆ."

ಪ್ರತಿ ರಸ್ತೆಯ ಜಲ್ಲಿಯನ್ನೂ ಒಂದು ವರ್ಷ ಚೀಲ ಹೊಲಿದು ಇಡುವುದು ಅಲ್ಲಿನ ಪದ್ಧತಿ. ಮೇಡಂ ಒಪ್ಪಿದರು. ಜರಡಿಯಕ್ಕ ಎಂದಿನಂತೆ ಬೆಳಿಗ್ಗೆ ಏಳಕ್ಕೆ, ಉಳಿದವರು ಬರುವ ಎರಡು ಗಂಟೆ ಮೊದಲೇ, ಬಂದು ಕೆಲಸಕ್ಕೆ ತೊಡಗಿದಳು. ಮಾರನೆಯ ದಿನ ಬೀಕರನ್ನು ಬೆಳಕಿಗೆ ಹಿಡಿದಳು. ಕಲ್ಲೆಲ್ಲ ಕಪ್ಪಗೆ, ಕಾಡಿಗೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ತೊಂಬತ್ತೆಂಟು.

ಒಂದು ವಾರ ಬಿಟ್ಟು ಮತ್ತೆ ಮಾಡಿದಳು. ತೊಂಬತ್ತೇಳು. ಆ ಒಂದು ಕಡಿಮೆಯಾದದ್ದಕ್ಕೆ ತನಗೆ ಖುಷಿಯಾದದ್ದು ಕಂಡು ಅವಳಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ಕಲ್ಲು ಗೆಲ್ಲಲಿ ಎಂದು ನೋಡಿದ ಕಣ್ಣು ಈಗ ಸೋಲಲಿ ಎಂದು ನೋಡುತ್ತಿತ್ತು.

ಮನೆಯಲ್ಲಿ ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ಕುಳಿತು ಕೇಳಿದಳು, "ಇವತ್ತೇನಂದ್ವು ಅತ್ತಿಗೆ, ನಿಮ್ಮ ಕಲ್ಲು?"

"ತೊಂಬತ್ತೇಳು."

"ಸ್ವಲ್ಪ ಸುಳ್ಳು ಹೇಳೋಕೆ ಕಲಿಸ್ಬಾರ್ದಾ ಅವಕ್ಕೆ? ಮನುಷ್ಯರಿಗಿಂತ ಕಲ್ಲಿಗೇ ಮರ್ಯಾದೆ ಜಾಸ್ತಿ ನಿಮ್ಮ ಆಫೀಸಲ್ಲಿ."

"ಕಲ್ಲು ಸುಳ್ಳು ಹೇಳಲ್ಲ ಕಣಮ್ಮ."

"ಹಾಗಾದ್ರೆ ನಿಮ್ಮ ತಮ್ಮ ಹೇಳ್ತಿದ್ದಾರೆ ಅಂತಾಯ್ತು."

ಅದೇ ಮಾತು ಜರಡಿಯಕ್ಕನ ತಲೆಯೊಳಗೆ ಹುಳುವಿನ ಹಾಗೆ ಹೊಕ್ಕಿತು. ಎರಡು ದಿನ ಕೊರೆಸಿಕೊಂಡು, ಮೂರನೆಯ ದಿನ ತಮ್ಮ ಕೆಳಗೆ ಬಂದು ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ನನ್ನ ಹತ್ರ ಮುಚ್ಚಿಡಬೇಡ. ಬೆಂಕಿ ಕಡಿಮೆ ಮಾಡಿದ್ಯಾ?"

ಅವನು ತುತ್ತು ಎತ್ತಿದ್ದ ಕೈ ಹಾಗೇ ನಿಲ್ಲಿಸಿದ. ಅಕ್ಕನ ಮುಖ ನೋಡಿದ. "ನೀನೂ ಕೇಳ್ತೀಯಾ?" ಎಂದ, ದನಿ ಏರಿಸದೆ. ತುತ್ತನ್ನು ತಟ್ಟೆಗಿಟ್ಟು, ಕೈ ತೊಳೆದು, ಮೆಟ್ಟಿಲು ಹತ್ತಿ ಹೋದ. ಅದಾದಮೇಲೆ ಕೆಳಗೆ ಊಟಕ್ಕೆ ಬರಲಿಲ್ಲ.

ಮೂರನೆಯ ವಾರದ ಕೊನೆಗೆ ಚೀಲದ ತಳದಲ್ಲಿ ಇನ್ನೊಂದೇ ಪರೀಕ್ಷೆಗೆ ಆಗುವಷ್ಟು ಜಲ್ಲಿ ಉಳಿದಿತ್ತು. ಅಧಿಕಾರಿ ಬರುವುದು ನಾಳಿದ್ದು. ಇಂದು ಬೆಳಿಗ್ಗೆ ಬೀಕರ್ ಇಟ್ಟರೆ ನಾಳೆ ಬೆಳಿಗ್ಗೆ ಫಲ. ಅವಳು ಏಳಕ್ಕೆ ಬಂದು, ಜಲ್ಲಿಯನ್ನು ಬೋಗುಣಿಗೆ ಸುರಿದು, ಗೋಡೆಯ ನಲ್ಲಿ ತಿರುಗಿಸಿದಳು.

ನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ ಬರೀ ಗಾಳಿ.

ಹೊರಗೆ ಹೋಗಿ ನೋಡಿದಳು. ಬೀದಿಯ ತುದಿಯಲ್ಲಿ ದೊಡ್ಡ ಪೈಪು ಒಡೆದು, ನಾಲ್ಕು ಜನ ಗುಂಡಿ ತೋಡುತ್ತಿದ್ದರು. "ಸಂಜೆವರೆಗೂ ನೀರಿನ ಹೆಸರೆತ್ತಬೇಡಿ," ಎಂದ ಒಬ್ಬ. ಮಹಡಿಯ ಮೇಲಿನ ಟ್ಯಾಂಕೂ ಖಾಲಿ. ಮಳೆಯೂ ಅಂದು ಮುನಿಸಿಕೊಂಡಿತ್ತು. ಬಿಸಿನೀರ ತೊಟ್ಟಿಯಿಂದ ತೆಗೆದರೆ ಅದರ ಶಾಖ ಕೆಡುತ್ತದೆ. ಇದ್ದದ್ದು ಬೀಕರಿಗೆ ತುಂಬುವ ಶುದ್ಧ ನೀರು, ಅಳತೆಗೆ ಸರಿಯಾಗಿ.

ಜರಡಿಯಕ್ಕ ಬೋಗುಣಿ ಹಿಡಿದುಕೊಂಡು ಕೋಣೆಯ ನಡುವೆ ನಿಂತಳು. ಜಲ್ಲಿ ತೊಳೆಯದೆ ಅವಳು ಎಂದೂ ಕಾಯಿಸಿದವಳಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ಆಗಿನ ಮುದುಕ ಮುಖ್ಯಸ್ಥರು ಕಾಯಿಸುವ ತಟ್ಟೆಯ ಮೇಲೆ ಬೆರಳಾಡಿಸಿ, ಬೂದುಬಣ್ಣದ ಬೆರಳನ್ನು ಅವಳ ಮೂಗಿನೆದುರು ಹಿಡಿದು, "ಇದೇನಮ್ಮಾ, ಪ್ರಯೋಗಶಾಲೆಯೋ ಕ್ವಾರಿಯೋ?" ಎಂದಿದ್ದರು. ಅವಳು ನಾಚಿ ನೀರಾಗಿದ್ದಳು. ಮಾರನೆಯ ದಿನದಿಂದ ತಟ್ಟೆ, ಜರಡಿ, ಮೇಜು, ಜೊತೆಗೆ ಜಲ್ಲಿ ಎಲ್ಲವನ್ನೂ ತೊಳೆದಳು. ಅಕ್ಕಿ ತೊಳೆದ ಹಾಗೆ ಮೂರು ನೀರು, ನಾಲ್ಕು ನೀರು, ಕೊನೆಯ ನೀರು ತಿಳಿಯಾಗುವವರೆಗೆ. ಮುದುಕರು ಮತ್ತೆ ಬೆರಳಾಡಿಸಿ ನೋಡಿ, "ಹೀಗಿರ್ಬೇಕು," ಎಂದರು. ಆ ಒಂದು ಮಾತು ಅವಳಿಗೆ ಹತ್ತೊಂಬತ್ತು ವರ್ಷಕ್ಕೆ ಸಾಕಾಗಿತ್ತು. ತೊಳೆಯುವ ಕೆಲಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದಕ್ಕಾಗಿಯೇ ಅವಳು ಏಳಕ್ಕೆ ಬರುತ್ತಿದ್ದುದು. ಗಲೀಜಿದ್ದಾಗ ತೊಳೆಯುವುದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ.

ಗಡಿಯಾರ ಎಂಟು ಬಡಿಯಿತು. ಇನ್ನು ತಡಮಾಡಿದರೆ ಆಗದು. ಕದ್ದು ಮಾಡುವವಳಂತೆ ಒಮ್ಮೆ ಬಾಗಿಲ ಕಡೆ ನೋಡಿ, ತೊಳೆಯದ ಜಲ್ಲಿಯನ್ನೇ ತೂಗಿ, ಮಿಕ್ಕ ಒಂದು ಹಿಡಿಯನ್ನು ಬೋಗುಣಿಯಲ್ಲೇ ಬಿಟ್ಟು, ಓವನ್ ಬಾಗಿಲು ಹಾಕಿದಳು. ದಿನವಿಡೀ ಕೈಗೆ ಏನೋ ಕಚ್ಚಿದ ಹಾಗೆ ಆಗುತ್ತಿತ್ತು.

ಮಾರನೆಯ ಬೆಳಿಗ್ಗೆ ಬೀಕರನ್ನು ತೊಟ್ಟಿಯಿಂದ ಎತ್ತಿದಳು. ಎತ್ತಿದ್ದು ಅರ್ಧಕ್ಕೇ ನಿಂತಿತು.

ಒಳಗಿನ ನೀರು ಕಲಗಚ್ಚಾಗಿತ್ತು. ಅದರ ಕೆಳಗೆ ಕಲ್ಲುಗಳು ಬೆಳ್ಳಗೆ ಹಲ್ಲು ಕಿಸಿದುಕೊಂಡು ಕೂತಿದ್ದವು. ಡಾಂಬರು ಅವುಗಳಿಂದ ಸರಿದು, ಅಂಚಿನಲ್ಲಿ ಮುದ್ದೆಯಾಗಿ, ತೇಲುವಷ್ಟು ತೇಲಿತ್ತು. ಮೊದಲು ಅವಳಿಗೆ ಹೊಳೆದದ್ದು, ಯಾರೋ ಬೀಕರ್ ಬದಲಾಯಿಸಿದ್ದಾರೆ ಎಂದು. ಚೀಟಿ ನೋಡಿದಳು. ತನ್ನದೇ ಅಕ್ಷರ. ಎಣಿಸಿದಳು. ನೂರಕ್ಕೆ ನಲವತ್ತು ಪಾಲೂ ಉಳಿದಿರಲಿಲ್ಲ. ಆಸ್ಪತ್ರೆ ಏರಿನಿಂದ ತಂದ ಎರಡು ಕಲ್ಲು ಕಿಟಕಿಯ ಮೇಲಿದ್ದವು. ಬೀಕರನ್ನು ಅವುಗಳ ಪಕ್ಕಕ್ಕೆ ಹಿಡಿದಳು. ಒಡಹುಟ್ಟಿದವರ ಹಾಗಿದ್ದವು.

ಬೋಗುಣಿಯಲ್ಲಿ ಮಿಕ್ಕಿದ್ದ ತೊಳೆಯದ ಕಲ್ಲೊಂದನ್ನು ತೆಗೆದು, ಹೆಬ್ಬೆರಳಿಗೆ ಉಗುಳು ಮುಟ್ಟಿಸಿ ಉಜ್ಜಿದಳು. ನುಣ್ಣನೆಯ ಕೆಸರು ಬೆರಳಿಗೆ ಬಂತು. ಒಣಗಿದ್ದಾಗ ಕಣ್ಣಿಗೂ ಕಾಣದಷ್ಟು ತೆಳ್ಳಗಿನ ಮಣ್ಣಿನ ಪೊರೆ ಕಲ್ಲಿಗೆ ಕಚ್ಚಿಕೊಂಡಿತ್ತು. ಡಾಂಬರು ಹಿಡಿದದ್ದು ಕಲ್ಲನ್ನಲ್ಲ, ಆ ಪೊರೆಯನ್ನು. ನೀರು ಒಳಗೆ ಇಳಿದದ್ದೇ ಪೊರೆ ಕೆಸರಾಯಿತು. ಕೆಸರು ಜಾರಿತು, ಡಾಂಬರನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಪ್ಲಾಂಟಿನಲ್ಲಿ ಜಲ್ಲಿ ತೊಳೆಯುವವರು ಯಾರೂ ಇಲ್ಲ. ರಾಶಿಯಿಂದ ಎತ್ತಿ ನೇರ ಯಂತ್ರಕ್ಕೆ.

ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಥರ, ಎಂದಿದ್ದ ತಮ್ಮ.

ಅವಳು ಸ್ಟೂಲಿನ ಮೇಲೆ ಕುಳಿತಳು. ಇಷ್ಟು ದಿನ ತಾನು ಪರೀಕ್ಷೆ ಮಾಡಿದ್ದು ರಸ್ತೆಗೆ ಬೀಳುವ ಜಲ್ಲಿಯನ್ನಲ್ಲ. ಎಲ್ಲೂ ಇಲ್ಲದ, ತಾನೇ ಮೂರು ನೀರಲ್ಲಿ ಹುಟ್ಟಿಸಿದ ಬೇರೆ ಜಲ್ಲಿಯನ್ನು. ತಮ್ಮನನ್ನು ಉಳಿಸಬೇಕೆಂದು ಮತ್ತೆ ಮತ್ತೆ ಮಾಡಿದಾಗಲೂ ಮತ್ತೆ ಮತ್ತೆ ತೊಳೆದೇ ಮಾಡಿದ್ದಳು. ನಲ್ಲಿ ಬಂದಿದ್ದರೆ ನಿನ್ನೆಯೂ ತೊಳೆಯುತ್ತಿದ್ದಳು. ತೊಂಬತ್ತೆಂಟು ಎಂದು ಬರೆಯುತ್ತಿದ್ದಳು. ನಾಳೆ ಅವನ ಹೆಸರು ಪಟ್ಟಿಗೆ ಹೋಗುತ್ತಿತ್ತು.

ಬೀಕರ್ ಕೈಯಲ್ಲೇ ಇತ್ತು. ಚೀಲ ಖಾಲಿ. ಚರಂಡಿಗೆ ಸುರಿದರೆ ಯಾರಿಗೂ ತಿಳಿಯದು. ಸುರಿಯದೆ ತೋರಿಸಿದರೆ, ಮೂರು ಸಲ ಹಿಡಿದ ಡಾಂಬರು ನಾಲ್ಕನೆಯ ಸಲ ಏಕೆ ಬಿಟ್ಟಿತು ಎಂದು ಕೇಳುತ್ತಾರೆ, ನಲ್ಲಿ ಬರಲಿಲ್ಲ ಎಂದು ಹೇಳಬೇಕಾಗುತ್ತದೆ. ಆ ಲೆಕ್ಕಾಚಾರ ಅವಳ ಮನಸ್ಸಿನಲ್ಲಿ ಬಂದದ್ದು ನಿಜ. ಬಂದಷ್ಟೇ ಬೇಗ ಹೋದದ್ದೂ ನಿಜ. ಮೇಡಂ ಬರುವವರೆಗೆ ಬೀಕರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಮೇಡಂ ಹೆಗಲ ಚೀಲ ಇಳಿಸುವ ಮೊದಲೇ ಅದನ್ನು ನೋಡಿದರು. "ಇದ್ಯಾವ ಜಲ್ಲಿ?"

"ಅದೇ ಜಲ್ಲಿ. ತೊಳೀಲಿಲ್ಲ."

"ಏನನ್ನ ತೊಳೀಲಿಲ್ಲ?"

"ಜಲ್ಲೀನ. ನಿನ್ನೆ ನಲ್ಲಿ ಬರ್ಲಿಲ್ಲ. ದಿನಾ ತೊಳ್ದು ಕಾಯಿಸ್ತಿದ್ದೆ."

ಮೇಡಂ ಕುರ್ಚಿ ಎಳೆದುಕೊಂಡರು, ಕೂರಲಿಲ್ಲ. "ತೊಳೀತಿದ್ರಾ? ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳ್ಲಿಲ್ಲ. ಗಲೀಜಿತ್ತು. ತೊಳ್ದೆ."

ಮೇಡಂ ಬೀರುವಿನಿಂದ ಪರೀಕ್ಷೆಯ ವಿಧಾನದ ಹಾಳೆ ತೆಗೆದು, ಬೆರಳಿಟ್ಟು ಓದಿದರು. ಎರಡನೆಯ ಸಾಲಿನಲ್ಲೇ ಇತ್ತು: ಜಲ್ಲಿ ಪ್ಲಾಂಟಿಗೆ ಬಂದ ಸ್ಥಿತಿಯಲ್ಲೇ ಇರತಕ್ಕದ್ದು. ಜರಡಿಯಕ್ಕನೂ ಆ ಸಾಲನ್ನು ಎಷ್ಟೋ ಸಲ ಓದಿದ್ದಳು. ಯಾವ ಸ್ಥಿತಿ ಎಂದು ಎಂದೂ ಯೋಚಿಸಿರಲಿಲ್ಲ. ಹುಡಿಯಾಗದೆ, ಒಡೆಯದೆ ಇರಬೇಕು ಅಂದುಕೊಂಡಿದ್ದಳು.

"ಬೈಯಿರಿ ಮೇಡಂ," ಎಂದಳು.

"ಯಾರನ್ನ ಬೈಯಲಿ? ಐದು ವರ್ಷದಿಂದ ಸಹಿ ಹಾಕಿದ್ದೀನಿ. ಒಂದು ದಿನ ಏಳು ಗಂಟೆಗೆ ಬಂದು ನೋಡ್ಲಿಲ್ಲ." ಮೇಡಂ ಹಾಳೆಯನ್ನು ಮಡಿಸಿದರು, ಮತ್ತೆ ಬಿಚ್ಚಿದರು. "ಪ್ಲಾಂಟಿನ ರಾಶಿಯಿಂದ ಹೊಸ ಜಲ್ಲಿ ತರ್ಸಿ. ಅರಳಿದ ಸುಣ್ಣದ ಪುಡಿ ಒಂದು ಡಬ್ಬ. ಅಧಿಕಾರಿಗಳಿಗೆ ಒಂದು ದಿನ ತಡವಾಗಿ ಬನ್ನಿ ಅಂತ ನಾನು ಹೇಳ್ತೀನಿ."

ಅಧಿಕಾರಿ ಬಂದಾಗ ಕಿಟಕಿಯ ಮೇಲೆ ಮೂರು ಬೀಕರುಗಳಿದ್ದವು. ತಮ್ಮ ಎಂದಿನಂತೆ ಬಾಗಿಲ ಬಳಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ತಾನೇ ಹೇಳುತ್ತೇನೆ ಎಂದಿದ್ದಳು ಜರಡಿಯಕ್ಕ.

"ಮೂರೂ ಒಂದೇ ರಾಶಿಯ ಜಲ್ಲಿ ಸಾರ್," ಎಂದಳು. ನಿಧಾನವಾಗಿ, ಒಂದೊಂದೇ ಬೀಕರ್ ಮುಟ್ಟಿ ಹೇಳಿದಳು. "ಇದು ನಾನು ತೊಳೆದದ್ದು. ಡಾಂಬರು ಹಿಡ್ಕೊಂಡಿದೆ. ನನ್ನ ವರದಿಯಲ್ಲಿರೋದು ಇದೇ. ಇದು ಬಂದ ಹಾಗೇ, ತೊಳೀದೆ ಮಾಡಿದ್ದು. ಚೆನ್ನಾಗಿ ಒಣಗಿಸಿದ್ದೀನಿ, ಶಾಖಾನೂ ಸರಿಯಾಗಿತ್ತು, ಮೇಡಂ ನಿಂತು ನೋಡಿದ್ದಾರೆ. ಆದ್ರೂ ಬಿಟ್ಟುಬಿಟ್ಟಿದೆ. ರಸ್ತೆಗೆ ಹೋಗಿದ್ದು ಈ ಜಲ್ಲಿ. ನನ್ನ ತಮ್ಮ ಬೆಂಕಿ ಎಷ್ಟು ಹಾಕಿದ್ರೂ ಇದು ನಿಲ್ತಿರ್ಲಿಲ್ಲ. ತಪ್ಪು ಅವನದ್ದಲ್ಲ. ನಂದು."

ಅಧಿಕಾರಿ ಕನ್ನಡಕ ಏರಿಸಿದರು. ಇಕ್ಕಳದಿಂದ ಎರಡನೆಯ ಬೀಕರಿನ ಒಂದು ಬೆಳ್ಳಗಿನ ಕಲ್ಲನ್ನೆತ್ತಿ, ಬಹಳ ಹೊತ್ತು ನೋಡಿದರು. "ಮೂರನೇದು?"

"ಅದೂ ತೊಳೀದೆ ಮಾಡಿದ್ದೇ," ಎಂದರು ಮೇಡಂ. "ನೂರಕ್ಕೆ ಎರಡು ಪಾಲು ಸುಣ್ಣ, ನೀರು ಚಿಮುಕಿಸಿ ಮೊದಲು ಜಲ್ಲಿಗೆ ಹಚ್ಚಿ, ಒಣಗಿಸಿ, ಆಮೇಲೆ ಡಾಂಬರು. ತೊಂಬತ್ತಾರು ಬಂದಿದೆ. ಪ್ಲಾಂಟಿನಲ್ಲಿ ಜಲ್ಲಿ ತೊಳೆಯೋಕಾಗಲ್ಲ, ಸುಣ್ಣ ಹಚ್ಚೋಕಾಗುತ್ತೆ."

"ಹತ್ತೊಂಬತ್ತು ವರ್ಷದಿಂದ ತೊಳೀತಿದ್ರಿ. ಮೊದಲೆಲ್ಲ ರಸ್ತೆ ಯಾಕೆ ಕೀಳಲಿಲ್ಲ?"

ಅದಕ್ಕೆ ಉತ್ತರ ಕೊಟ್ಟದ್ದು ತಮ್ಮ. ಮೂರು ವಾರದಲ್ಲಿ ಆ ಕೋಣೆಯಲ್ಲಿ ಅವನ ದನಿ ಕೇಳಿದ್ದು ಎರಡನೆಯ ಸಲ. "ಮೊದಲು ಕರೀ ಕಲ್ಲು ಬರ್ತಿತ್ತು ಸಾರ್. ಅದರಲ್ಲಿ ಬರೀ ಕಲ್ಲಿನ ಹುಡಿ ಇರ್ತಿತ್ತು, ಮಣ್ಣಿರ್ಲಿಲ್ಲ. ಹೋದ ವರ್ಷ ಆ ಗುಡ್ಡ ಮುಗೀತು. ಈಗ ಬರ್ತಿರೋದು ಹೊಸ ಕ್ವಾರಿಯ ಬಿಳೀ ಕಲ್ಲು."

"ಹೋದ ವರ್ಷದಿಂದ." ಅಧಿಕಾರಿ ಇಕ್ಕಳ ಕೆಳಗಿಟ್ಟರು. ದನಿ ಇನ್ನೂ ಮೆಲ್ಲಗಾಯಿತು. "ಈ ಬಿಳೀ ಕಲ್ಲಲ್ಲಿ ಎಷ್ಟು ರಸ್ತೆ ಹಾಕಿದ್ದೀರಿ?"

ಯಾರೂ ಅದನ್ನು ಯೋಚಿಸಿರಲಿಲ್ಲ. ಮೇಡಂ ಪುಸ್ತಕ ತೆರೆದು ಪುಟ ತಿರುಗಿಸಿದರು. ಒಂದೊಂದು ಪುಟಕ್ಕೂ ಒಂದೊಂದು ಹೆಸರು ಓದಿದರು: ಶಾಲೆಯ ಮುಂದಿನದು. ಸೇತುವೆಯ ಈ ಕಡೆಯದು. ಬಸ್ ಡಿಪೋ ಸುತ್ತಿನದು. ತರಕಾರಿ ಮಾರುಕಟ್ಟೆಯದು. ಪ್ರತಿ ಪುಟದ ಕೆಳಗೂ ಜರಡಿಯಕ್ಕನ ದುಂಡನೆಯ ಅಕ್ಷರದಲ್ಲಿ ತೊಂಬತ್ತೆಂಟು, ತೊಂಬತ್ತೇಳು, ತೊಂಬತ್ತೆಂಟು.

"ಕಿತ್ತದ್ದು ಬಿಟ್ಟು ಹನ್ನೊಂದು," ಎಂದರು ಮೇಡಂ.

ಜರಡಿಯಕ್ಕ ತಮ್ಮನ ಕಡೆ ನೋಡಿದಳು. ಹೆಸರಿಗಂಟಿದ ಕಳಂಕ ತೊಳೆದುಹೋದವನ ಮುಖವಾಗಿರಲಿಲ್ಲ ಅದು. ಆ ಹನ್ನೊಂದನ್ನೂ ಕಲಸಿದ್ದು ಅವನೇ. ಶಾಲೆಯ ಮುಂದಿನ ರಸ್ತೆಯಲ್ಲಿ ಅವನ ಮಗಳು ದಿನಾ ಸೈಕಲ್ ಹೊಡೆಯುತ್ತಾಳೆ. ಅವನು ಅಕ್ಕನನ್ನು, ಬಸ್ಸಿನಲ್ಲಿ ಪಕ್ಕ ಕೂತ ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡುತ್ತಿದ್ದ.

ತಮ್ಮನನ್ನು ಕೆಲಸಕ್ಕೆ ವಾಪಸ್ ಕರೆದರು. ಜಲ್ಲಿ ಬಂದ ಹಾಗೇ ಪರೀಕ್ಷಿಸಬೇಕು, ಪರೀಕ್ಷಿಸುವಾಗ ಇಬ್ಬರಿರಬೇಕು ಎಂದು ಗೋಡೆಗೆ ಹಾಳೆ ಅಂಟಿಸಿದರು. ಬಿಳೀ ಕಲ್ಲಿಗೆ ಸುಣ್ಣ ಹಚ್ಚದೆ ಒಂದು ಗಾಡಿಯೂ ಪ್ಲಾಂಟಿನಿಂದ ಹೊರಡಬಾರದೆಂದು ಬರೆದರು. ಜರಡಿಯಕ್ಕನಿಗೂ ಮೇಡಂಗೂ ಒಂದೊಂದು ಎಚ್ಚರಿಕೆಯ ಪತ್ರ ಬಂತು. ಕೆಲಸದಿಂದ ತೆಗೆಯುತ್ತಾರೆಂದು ಕಾದಿದ್ದವಳಿಗೆ ಆ ಆದೇಶ ಬರದಿದ್ದದ್ದೇ ಒಂದು ಏಟಿನ ಹಾಗಿತ್ತು. ತೆಗೆದಿದ್ದರೆ ಮನೆಯಲ್ಲಿ ಕೂತು ಅಳಬಹುದಿತ್ತು.

ಅಂದು ಮನೆಯ ಮೆಟ್ಟಿಲ ಬಳಿ ತಮ್ಮ ನಿಂತ. "ಮೂರು ವಾರ, ಅಕ್ಕ."

"ಹೂಂ."

"ಊರೆಲ್ಲ ಅಂದ್ರು. ಅದನ್ನ ನುಂಗ್ಕೊಂಡೆ. ನೀನು ಕೇಳಿದ್ಯಲ್ಲ, ಬೆಂಕಿ ಕಡಿಮೆ ಮಾಡಿದ್ಯಾ ಅಂತ."

ಅವನು ಉತ್ತರಕ್ಕೆ ಕಾಯದೆ ಮೇಲೆ ಹೋದ.

ಹನ್ನೊಂದು ರಸ್ತೆಗಳಿಂದಲೂ, ತಳದವರೆಗೆ ಕೊಳವೆ ಇಳಿಸಿ, ಉರುಳೆಯಂಥ ತುಂಡು ಕೊರೆದು ತೆಗೆದು ನೋಡಬೇಕೆಂದು ತೀರ್ಮಾನವಾಗಿತ್ತು, ದೊಡ್ಡ ಮಳೆ ಹಿಡಿಯುವ ಮೊದಲು. ಕೊರೆದದ್ದನ್ನು ನೋಡಿ ಹೇಳುವ ಕಣ್ಣು ತನ್ನದೇ ಆಗಲಿ ಎಂದು ಜರಡಿಯಕ್ಕ ಮೇಡಂ ಬಳಿ ಕೇಳಿಕೊಂಡಳು. ಮೊದಲನೆಯದು ಶಾಲೆಯ ಮುಂದಿನದು. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಹೋದಾಗ ಕೊರೆಯುವ ಯಂತ್ರದ ಪಕ್ಕ ನಿಂತಿದ್ದವನು ತಮ್ಮ.

"ನಿನ್ನನ್ನ ಯಾರು ಕಳ್ಸಿದ್ದು?"

"ಯಾರೂ ಕಳ್ಸಿಲ್ಲ. ನಾನು ಕಲಸಿದ್ದನ್ನ ನಾನೇ ತೆಗೀತೀನಿ," ಎಂದು ಅವನು ಗುಂಡಿ ಒತ್ತಿದ.

ಕೊಳವೆ ತಿರುಗಿತು, ನೀರು ಚಿಮ್ಮಿತು, ಬೂದುಬಣ್ಣದ ರಾಡಿ ಸುತ್ತಲೂ ಹರಿಯಿತು. ಮೇಲಿನಿಂದ ನೋಡಿದರೆ ರಸ್ತೆ ಕಪ್ಪಗೆ, ನುಣ್ಣಗೆ, ಎಲ್ಲೂ ಒಂದು ಬಿರುಕಿಲ್ಲದೆ ಮಲಗಿತ್ತು. ಸೈಕಲ್ಲುಗಳು ಗಂಟೆ ಹೊಡೆಯುತ್ತ ಪಕ್ಕದಲ್ಲಿ ಹಾದುಹೋಗುತ್ತಿದ್ದವು. ತಮ್ಮ ಬಗ್ಗಿ, ಕೊಳವೆಯಿಂದ ಅಂಗೈ ಗಾತ್ರದ ಉರುಳೆಯನ್ನು ಜಾರಿಸಿ ತೆಗೆದು ಅಕ್ಕನ ಕಡೆ ಚಾಚಿದ. ಅದು ರಾಡಿ ಮೆತ್ತಿಕೊಂಡಿತ್ತು. ಅವಳ ಬಲಗೈ ಸೊಂಟದಲ್ಲಿದ್ದ ಬಟ್ಟೆ ಎಳೆದುಕೊಂಡು ಒರೆಸಲು ಹೋಗಿಯೇಬಿಟ್ಟಿತ್ತು.

"ಒರೆಸ್ಬೇಡ," ಎಂದ ಅವನು.

ಅವಳು ಕೈ ಹಿಂದಕ್ಕೆ ತೆಗೆದಳು. "ಈ ಕೈ ಮಾತು ಕೇಳಲ್ಲ ಕಣೋ."

"ಹಾಗಾದ್ರೆ ಬಟ್ಟೆ ಇಲ್ಲಿ ಕೊಡು." ಬಟ್ಟೆಯನ್ನು ಕಿತ್ತುಕೊಂಡು ತನ್ನ ಜೇಬಿಗೆ ತುರುಕಿದ. ಮೂರು ವಾರದ ಮೇಲೆ ಅವನ ಬಾಯಿಯ ಒಂದು ತುದಿ ಚೂರು ಸಡಿಲವಾಯಿತು. "ಎರಡೂ ಕೈಯಲ್ಲಿ ಹಿಡ್ಕೊ. ಆಗ ಒರೆಸೋಕೆ ಕೈ ಎಲ್ಲಿರುತ್ತೆ ನೋಡ್ತೀನಿ."

ಅವಳು ಎರಡೂ ಅಂಗೈ ಸೇರಿಸಿ ಹಿಡಿದಳು. ಅವನು ಉರುಳೆಯನ್ನು ರಾಡಿ ಸಮೇತ ಅದರಲ್ಲಿಟ್ಟ. ಮೇಲಿನ ಅರ್ಧ ಗಟ್ಟಿಯಾಗಿ ನಿಂತಿತು. ಕೆಳಗಿನ ಅರ್ಧ ಒಂದು ಕ್ಷಣ ತಾಳಿತು; ಆಮೇಲೆ ಸದ್ದಿಲ್ಲದೆ ಬಿಚ್ಚಿಕೊಂಡು, ಬೆರಳುಗಳ ಸಂದಿಯಿಂದ ಒಂದೊಂದೇ ಬೆಳ್ಳಗಿನ ಕಲ್ಲಾಗಿ ಅವಳ ಕಾಲ ಬಳಿ ಬಿದ್ದಿತು.

ಸೈಕಲ್ಲಿನ ಗಂಟೆ ಇನ್ನೂ ಕೇಳಿಸುತ್ತಿತ್ತು. ತಮ್ಮ ಯಂತ್ರ ಬಿಟ್ಟು, ರಸ್ತೆಯ ನಡುವೆ ಹೋಗಿ ನಿಂತು, ಬರುವ ಮಕ್ಕಳಿಗೆಲ್ಲ ಎರಡೂ ತೋಳು ಚಾಚಿ ಅಡ್ಡ ಹಿಡಿದ.